ದೋಣಿ ಮಗುಚುವುದೇಕೆ? – ಕೆಮ್ಮಣ್ಣಿನ ಕುದ್ರುಗಳಲ್ಲಿ ಒಂದು ಪಾಠ

ಉಡುಪಿಯಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಕೆಮ್ಮಣ್ಣು ಹೆಸರಿಗೆ ಕೆಂಪು ಮಣ್ಣಿನ ಊರು. ಆದರೆ ಅಲ್ಲಿನ ಬದುಕಿನ ಮೇಲೆ ನೀರಿನದೇ ಹೆಚ್ಚು ಅಧಿಕಾರ. ಪಶ್ಚಿಮ ಘಟ್ಟದಿಂದ ಇಳಿದು ಬರುವ ಸ್ವರ್ಣಾ ನದಿ ಇಲ್ಲಿ ಕಡಲನ್ನು ಸಮೀಪಿಸುತ್ತಿದ್ದಂತೆ ವೇಗ ಕಳೆದುಕೊಂಡು ಕವಲುಗಳಾಗಿ ಹರಡಿಕೊಳ್ಳುತ್ತದೆ. ನೇರವಾಗಿ ಕಡಲಿಗೆ ಬೀಳದೆ, ಉದ್ದನೆಯ ಮರಳ ದಿನ್ನೆಯ ಹಿಂಬದಿಯಲ್ಲಿ ಉತ್ತರಕ್ಕೆ ಸಾಗಿ, ಕೋಡಿಬೆಂಗ್ರೆಯ ಬಳಿ ಸೀತಾ ನದಿಯೊಡನೆ ಕೂಡಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಈ ಕವಲುಗಳ ನಡುವೆ ಹೂಳು ನಿಂತು ರೂಪುಗೊಂಡ ನಡುಗಡ್ಡೆಗಳೇ ಕುದ್ರುಗಳು. ತೆಂಗಿನ ತೋಟ, ಗದ್ದೆ, ಕೆಲವು ಮನೆಗಳು, ಸುತ್ತ ನೀರು.

ವಿದೇಶಗಳಲ್ಲಿ 'ಮರೀನಾ' ಎಂಬ ಬಗೆಯ ಬಡಾವಣೆಗಳಿವೆ. ಮನೆಯ ಹಿಂದೆಯೇ ದೋಣಿ ಕಟ್ಟುವ ಕಟ್ಟೆ, ಇಡೀ ಆವರಣಕ್ಕೆ ಒಂದು ಬಾಗಿಲು, ಬಾಗಿಲಿಗೆ ಒಬ್ಬ ಕಾವಲುಗಾರ. ನಮ್ಮ ದೇಶದಲ್ಲಿಯೂ ವಿಹಾರ ನೌಕೆಗಳಿಗಾಗಿ ಕೊಚ್ಚಿಯ ಬೋಲ್ಗಾಟ್ಟಿಯಲ್ಲಿ 2010ರಲ್ಲಿ ಒಂದು ಮರೀನಾ ಆರಂಭವಾಯಿತು. ನೀರಿನಂಚಿನಲ್ಲಿ ಮನೆ, ಅಂಗಳದ ತುದಿಯಲ್ಲಿ ದೋಣಿ ಎಂಬುದು ಕುದ್ರುವಾಸಿಗಳಿಗೆ ತಲೆಮಾರುಗಳಿಂದ ಬಂದದ್ದು. ಅವರ ಬಾಗಿಲು ನದಿ. ಅದನ್ನು ತೆರೆದು ಮುಚ್ಚುವ ಕಾವಲುಗಾರ ಉಬ್ಬರ-ಇಳಿತ.

1990ರ ದಶಕದ ಆರಂಭದಲ್ಲಿ, ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜರು ನಿರ್ಮಿಸಿದ ತೂಗುಸೇತುವೆ ತಿಮ್ಮಣ್ಣಕುದ್ರುವನ್ನು ಕೆಮ್ಮಣ್ಣಿಗೆ ಜೋಡಿಸಿತು. ಶಾಲೆಗೆ, ಆಸ್ಪತ್ರೆಗೆ ದೋಣಿಯನ್ನೇ ಕಾಯಬೇಕಾದ ಕಷ್ಟ ತಪ್ಪಿತು. ಜೊತೆಗೆ ಇನ್ನೊಂದು ಬದಲಾವಣೆಯೂ ಆಗಿದೆ. ದಿನವೂ ದೋಣಿ ಹತ್ತಿ ಇಳಿದು ಅದರ ಗುಣ ತಿಳಿದವರ ಸಂಖ್ಯೆ ಕಡಿಮೆಯಾಗುತ್ತಿದೆ. ರಜೆಯಲ್ಲಿ ಬಂದು ಮೊದಲ ಬಾರಿ ದೋಣಿಗೆ ಕಾಲಿಡುವವರ ಸಂಖ್ಯೆ ಹೆಚ್ಚುತ್ತಿದೆ. ಈ ಲೇಖನ ಬರೆಯಲು ಅದೇ ಕಾರಣ.

ಕೆಲವು ವರ್ಷಗಳ ಹಿಂದೆ ನಾನು ವಿದ್ಯಾರ್ಥಿಗಳೊಂದಿಗೆ ಇಲ್ಲಿನ ಒಂದು ಕಡವಿನಿಂದ ಸಣ್ಣ ದೋಣಿ ಹತ್ತಿದ್ದೆ. ದೋಣಿಯವರೂ ಸೇರಿ ನಾವು 8 ಮಂದಿ. ನಡುಹೊಳೆಯಲ್ಲಿ ಮೂವರು ಹುಡುಗರು ಫೋಟೋ ತೆಗೆಯಲೆಂದು ಎದ್ದು ನಿಂತರು. ದೋಣಿ ಥಟ್ಟನೆ ವಾಲಿತು, ಒಂದು ಬೊಗಸೆಯಷ್ಟು ನೀರು ಒಳಗೆ ಬಂತು. "ನಿಲ್ಲಬೇಡಿ ಮಾರಾಯ್ರೆ, ಕೂತುಕೊಳ್ಳಿ!" ಎಂದು ದೋಣಿಯವರು ಕೂಗಿದರು. ಹುಡುಗರು ಕುಳಿತರು, ದೋಣಿ ನೆಟ್ಟಗಾಯಿತು. ದಡ ಸೇರಿದ ಮೇಲೆ ಒಬ್ಬ ಕೇಳಿದ: "ಸರ್, ನಾವು ನಿಂತರೂ ಕೂತರೂ ತೂಕ ಅಷ್ಟೇ ಅಲ್ಲವೇ? ಮತ್ತೆ ದೋಣಿಗೇನು ವ್ಯತ್ಯಾಸ?" ಒಳ್ಳೆಯ ಪ್ರಶ್ನೆ. ಉತ್ತರ ಹುಡುಕೋಣ.

ಕಾವಲುಗಾರನ ವೇಳಾಪಟ್ಟಿ

ಮೊದಲು ನೀರಿನ ಬಗ್ಗೆ ಸ್ವಲ್ಪ ತಿಳಿಯೋಣ. ಚಂದ್ರ ಮತ್ತು ಸೂರ್ಯರ ಗುರುತ್ವದಿಂದಾಗಿ ಕಡಲು ಏರಿಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸರಾಸರಿ 12 ಗಂಟೆ 25 ನಿಮಿಷ. ಆದ್ದರಿಂದ ಇಂದು ಬೆಳಿಗ್ಗೆ 8ಕ್ಕೆ ಉಬ್ಬರವಿದ್ದರೆ ನಾಳೆ ಸುಮಾರು 8 ಗಂಟೆ 50 ನಿಮಿಷಕ್ಕೆ. ನಮ್ಮ ಕರಾವಳಿಯಲ್ಲಿ ದಿನದ ಎರಡು ಉಬ್ಬರಗಳು ಸಮನಾಗಿರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ನಾವಿಕರು ಬಳಸುವ ಒಂದು ಅಂದಾಜು ಲೆಕ್ಕವಿದೆ. ಇಳಿತದಿಂದ ಉಬ್ಬರದವರೆಗಿನ ಸುಮಾರು 6 ಗಂಟೆಗಳಲ್ಲಿ ನೀರು ಕ್ರಮವಾಗಿ ಒಟ್ಟು ಏರಿಕೆಯ 1, 2, 3, 3, 2, 1 ಹನ್ನೆರಡನೇ ಭಾಗಗಳಷ್ಟು ಏರುತ್ತದೆ. ಒಟ್ಟು ಏರಿಕೆ 1.2 ಮೀಟರ್ ಎಂದಿಟ್ಟುಕೊಂಡರೆ ಮೊದಲ ಗಂಟೆಯಲ್ಲಿ 10 ಸೆಂಟಿಮೀಟರ್, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ 30 ಸೆಂಟಿಮೀಟರ್. ಕವಲುಗಳಲ್ಲಿ ಸೆಳವು ಜೋರಾಗಿರುವುದು ಸಾಮಾನ್ಯವಾಗಿ ಈ ನಡುವಿನ ಹೊತ್ತಿನಲ್ಲಿ. ನೀರು ತಿರುಗುವ ಹೊತ್ತಿಗೆ ಕಡವು ದಾಟುವುದು ಸುಲಭ. ಪಂಚಾಂಗ ನೋಡಿ ತಿಥಿ ಹೇಳುವ ಹಿರಿಯರು ಅದರಿಂದಲೇ ನೀರಿನ ವೇಳೆಯನ್ನೂ ಅಂದಾಜು ಮಾಡುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಬಾವಿಯಲ್ಲೂ ತೇಲುವಿಕೆ

ಸುತ್ತಲೂ ಉಪ್ಪುನೀರಿದ್ದರೂ ಕುದ್ರುವಿನ ಬಾವಿಯಲ್ಲಿ ಸಿಹಿನೀರು ದೊರೆಯುವುದು ಹೇಗೆ? ಸಿಹಿನೀರಿನ ಸಾಂದ್ರತೆ ಘನ ಮೀಟರಿಗೆ 1000 ಕಿಲೋಗ್ರಾಮ್, ಸಮುದ್ರದ ನೀರಿನದು ಸುಮಾರು 1025. ಮಣ್ಣಿನಲ್ಲಿ ಇಂಗಿದ ಮಳೆನೀರು ಒಳಗಿನ ಉಪ್ಪುನೀರಿನ ಮೇಲೆ ಮಸೂರದಾಕಾರದಲ್ಲಿ ತೇಲುತ್ತದೆ. 1000ವನ್ನು ಸಾಂದ್ರತೆಗಳ ವ್ಯತ್ಯಾಸವಾದ 25ರಿಂದ ಭಾಗಿಸಿದರೆ 40. ಅಂದರೆ ಅಂತರ್ಜಲ ಮಟ್ಟ ಕಡಲಮಟ್ಟಕ್ಕಿಂತ 1 ಸೆಂಟಿಮೀಟರ್ ಮೇಲಿದ್ದರೆ, ಕಡಲಮಟ್ಟಕ್ಕಿಂತ ಕೆಳಗೆ ಸುಮಾರು 40 ಸೆಂಟಿಮೀಟರ್ ಸಿಹಿನೀರು ಇರಬಲ್ಲದು. ಇದನ್ನು ಘೈಬೆನ್-ಹರ್ಜ್‌ಬರ್ಗ್ ಸಂಬಂಧ ಎನ್ನುತ್ತಾರೆ. ಲಾಭದ ಈ ಲೆಕ್ಕ ನಷ್ಟಕ್ಕೂ ಅನ್ವಯಿಸುತ್ತದೆ. ಬೇಸಗೆಯಲ್ಲಿ ಪಂಪು ಹಾಕಿ ನೀರಿನ ಮಟ್ಟವನ್ನು ಒಂದು ಗೇಣು ಇಳಿಸಿದರೆ ಉಪ್ಪುನೀರು ಕ್ರಮೇಣ ಅದರ ಹಲವು ಪಟ್ಟು ಮೇಲೇರುತ್ತದೆ. ಕೊಡದಿಂದ ಸೇದುವ ಬಾವಿ ಪಂಪಿನ ಬಾವಿಗಿಂತ ಹೆಚ್ಚು ಕಾಲ ಸಿಹಿಯಾಗಿರುವುದಕ್ಕೆ ಇದೇ ಕಾರಣ.

ತೇಲುವುದು ಬೇರೆ, ನೆಟ್ಟಗಿರುವುದು ಬೇರೆ

ಈಗ ದೋಣಿಗೆ ಬರೋಣ. ತಾನು ಸರಿಸಿದ ನೀರಿನ ತೂಕ ತನ್ನ ತೂಕಕ್ಕೆ ಸಮನಾಗುವವರೆಗೆ ದೋಣಿ ಮುಳುಗಿ ಅಲ್ಲಿ ನಿಲ್ಲುತ್ತದೆ. ಇದು ಆರ್ಕಿಮಿಡೀಸನ ತತ್ತ್ವ. ದೋಣಿ ತೇಲುತ್ತದೆಯೇ ಎಂಬ ಪ್ರಶ್ನೆಗೆ ಇದು ಉತ್ತರ. ವಾಲಿದ ದೋಣಿ ಮತ್ತೆ ನೆಟ್ಟಗಾಗುತ್ತದೆಯೇ ಎಂಬ ಪ್ರಶ್ನೆಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು.

ದೋಣಿ ಮತ್ತು ಅದರಲ್ಲಿರುವವರ ಒಟ್ಟು ತೂಕ G ಎಂಬ ಗುರುತ್ವ ಕೇಂದ್ರದಲ್ಲಿ ಕೆಳಮುಖವಾಗಿ ವರ್ತಿಸುತ್ತದೆ. ನೀರು ಮೇಲಕ್ಕೆ ಒತ್ತುವ ಪ್ಲವನ ಬಲ ಮುಳುಗಿದ ಭಾಗದ ಮಧ್ಯಬಿಂದುವಿನಲ್ಲಿ, ಅಂದರೆ ಪ್ಲವನ ಕೇಂದ್ರದಲ್ಲಿ ವರ್ತಿಸುತ್ತದೆ. ದೋಣಿ ಎಡಕ್ಕೆ ವಾಲಿದರೆ ಎಡಭಾಗ ಹೆಚ್ಚು ಮುಳುಗುತ್ತದೆ, ಪ್ಲವನ ಕೇಂದ್ರವೂ ಎಡಕ್ಕೆ ಸರಿಯುತ್ತದೆ. ಅಲ್ಲಿಂದ ಮೇಲಕ್ಕೆ ಎಳೆದ ಲಂಬರೇಖೆ ದೋಣಿಯ ನಡುರೇಖೆಯನ್ನು ಸಂಧಿಸುವ ಬಿಂದು M. ಇದಕ್ಕೆ ಮೆಟಾಸೆಂಟರ್ ಎಂದು ಹೆಸರು. ಫ್ರಾನ್ಸಿನ ವಿಜ್ಞಾನಿ ಪಿಯರ್ ಬುಗೇ 1746ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದ.

M ಎಂಬುದು ತೊಟ್ಟಿಲನ್ನು ತೂಗುಹಾಕಿದ ಕೊಂಡಿಯಂತೆ ಎಂದು ಭಾವಿಸಿ. ತೂಕ ಕೊಂಡಿಗಿಂತ ಕೆಳಗಿದ್ದರೆ ತೊಟ್ಟಿಲು ವಾಲಿದರೂ ಹಿಂದಕ್ಕೆ ಬರುತ್ತದೆ. ತೂಕ ಕೊಂಡಿಗಿಂತ ಮೇಲಿದ್ದರೆ? ಉತ್ತರ ಬೇಕಿಲ್ಲ. M ಮತ್ತು Gಗಳ ನಡುವಿನ ಅಂತರವೇ ದೋಣಿಯ ಭದ್ರತೆಯ ಅಳತೆ.

ಒಂದು ಲೆಕ್ಕ

ಸರಳತೆಗಾಗಿ ದೋಣಿ ಚಪ್ಪಟೆ ತಳದ ಪೆಟ್ಟಿಗೆಯಂತಿದೆ ಎಂದುಕೊಳ್ಳೋಣ. ಉದ್ದ 5 ಮೀಟರ್, ಅಗಲ 1 ಮೀಟರ್, ತೂಕ 150 ಕಿಲೋಗ್ರಾಮ್, ಅದರ ಸ್ವಂತ ಗುರುತ್ವ ಕೇಂದ್ರ ತಳದಿಂದ 20 ಸೆಂಟಿಮೀಟರ್ ಎತ್ತರದಲ್ಲಿ. ಪ್ರತಿಯೊಬ್ಬರ ತೂಕ 60 ಕಿಲೋಗ್ರಾಮ್. ಹಲಗೆಯ ಮೇಲೆ ಕುಳಿತವರ ಗುರುತ್ವ ಕೇಂದ್ರ ತಳದಿಂದ 50 ಸೆಂಟಿಮೀಟರ್, ನಿಂತವರದು 100 ಸೆಂಟಿಮೀಟರ್ ಎತ್ತರದಲ್ಲಿದೆ ಎನ್ನೋಣ.

5 ಮಂದಿ ಇದ್ದರೆ ಒಟ್ಟು 450 ಕಿಲೋಗ್ರಾಮ್. ದೋಣಿ 9 ಸೆಂಟಿಮೀಟರ್ ಮುಳುಗುತ್ತದೆ. ಪ್ಲವನ ಕೇಂದ್ರ ಇದರ ಅರ್ಧದಷ್ಟು, ಅಂದರೆ 4.5 ಸೆಂಟಿಮೀಟರ್ ಎತ್ತರದಲ್ಲಿ. ಪ್ಲವನ ಕೇಂದ್ರದಿಂದ Mಗೆ ಇರುವ ಎತ್ತರ = ಅಗಲದ ವರ್ಗ ÷ (12 × ಮುಳುಗಿದ ಆಳ). ಇದು ಸುಮಾರು 93 ಸೆಂಟಿಮೀಟರ್. ಇದೇ ರೀತಿ 8 ಮಂದಿಗೂ ಲೆಕ್ಕ ಹಾಕಿದರೆ ದೊರೆಯುವ ಫಲಿತಾಂಶ ಹೀಗಿದೆ (ಎತ್ತರಗಳು ತಳದಿಂದ, ಸೆಂಟಿಮೀಟರ್‌ಗಳಲ್ಲಿ):

5 ಮಂದಿ ಕುಳಿತಾಗ: M 97, G 40, ಅಂತರ 57
5 ಮಂದಿ ನಿಂತಾಗ: M 97, G 73, ಅಂತರ 24
8 ಮಂದಿ ಕುಳಿತಾಗ: M 72, G 43, ಅಂತರ 29
8 ಮಂದಿ ನಿಂತಾಗ: M 72, G 81, ಅಂತರ –9

ಕೊನೆಯ ಸಾಲನ್ನು ಗಮನಿಸಿ. G ಈಗ Mಗಿಂತ ಮೇಲಿದೆ. ಅದೇ ದೋಣಿ, ಅದೇ ತೂಕ, ಅದೇ ನೀರು. ಆದರೆ ಯಾರೂ ತಳ್ಳಬೇಕಾಗಿಲ್ಲ, ದೋಣಿ ತಾನಾಗಿಯೇ ಉರುಳುತ್ತದೆ. 8 ಮಂದಿಯಲ್ಲಿ ಮೂವರು ಮಾತ್ರ ನಿಂತರೂ ಅಂತರ 29ರಿಂದ 15ಕ್ಕೆ ಇಳಿಯುತ್ತದೆ. ಅಂದರೆ ಅದೇ ಅಲೆ, ಅದೇ ಅಲುಗಾಟ ದೋಣಿಯನ್ನು ಸುಮಾರು ಎರಡು ಪಟ್ಟು ವಾಲಿಸುತ್ತದೆ. ಅಂದು ನಮ್ಮ ಹುಡುಗರು ಕಂಡದ್ದು ಇದನ್ನೇ.

ಹೆಚ್ಚು ಜನ ಹತ್ತಿದಾಗ M ಕೆಳಗಿಳಿದುದನ್ನೂ ನೋಡಿ. ಹೆಚ್ಚಿನ ಹೊರೆ ದೋಣಿಯ ಅಂಚನ್ನು ನೀರಿಗೆ ಹತ್ತಿರ ತರುವುದರ ಜೊತೆಗೆ ಅದರ ಕೊಂಡಿಯನ್ನೂ ಇಳಿಸುತ್ತದೆ. ಇನ್ನು ಅಗಲ. 5 ಮಂದಿ ಕುಳಿತ ಇದೇ ದೋಣಿಯ ಅಗಲ 80 ಸೆಂಟಿಮೀಟರ್ ಆಗಿದ್ದಿದ್ದರೆ ಅಂತರ 57ರ ಬದಲು ಕೇವಲ 13 ಆಗುತ್ತಿತ್ತು. ಕಿರಿದಾದ ದೋಣಿಗಳಿಗೆ ಪಕ್ಕದಲ್ಲೊಂದು ಮರದ ದಿಮ್ಮಿಯನ್ನು ಅಡ್ಡಕೋಲುಗಳಿಂದ ಜೋಡಿಸುವ ಪದ್ಧತಿಯ ಹಿಂದಿರುವ ತರ್ಕ ಇದೇ.

ತಳದಲ್ಲಿ ಸೇರಿದ ನೀರು

ದೋಣಿಯವರು ಬೆಳಿಗ್ಗೆ ಮೊದಲು ಮಾಡುವ ಕೆಲಸ ತಳದ ನೀರನ್ನು ಮೊಗೆದು ಹಾಕುವುದು. ಆ ನೀರಿನ ತೂಕ ಹೆಚ್ಚೇನಿರಲಿಕ್ಕಿಲ್ಲ. ಅಪಾಯವಿರುವುದು ಅದು ಹರಿದಾಡುವುದರಲ್ಲಿ. ದೋಣಿ ಎಡಕ್ಕೆ ವಾಲಿದರೆ ನೀರೆಲ್ಲ ಎಡಕ್ಕೆ ಓಡಿ ವಾಲುವಿಕೆಯನ್ನು ಹೆಚ್ಚಿಸುತ್ತದೆ. ಅಡೆತಡೆಯಿಲ್ಲದೆ ಇಡೀ ತಳಕ್ಕೆ ಹರಡಿದ ನೀರು, ಅಗಲದಿಂದ ದೊರೆತ ಭದ್ರತೆಯ ಬಹುಭಾಗವನ್ನು ಕಸಿದುಕೊಳ್ಳಬಲ್ಲದು ಎಂದು ಲೆಕ್ಕ ತೋರಿಸುತ್ತದೆ. ಒಂದು ಬೊಗಸೆ ನೀರನ್ನೂ ದೋಣಿಯವರು ಲಘುವಾಗಿ ಕಾಣುವುದಿಲ್ಲ.

ಈ ತಪ್ಪು ದೊಡ್ಡ ಹಡಗುಗಳಲ್ಲೂ ಆಗಿದೆ. ಸ್ವೀಡನ್ನಿನ 'ವಾಸಾ' ಯುದ್ಧನೌಕೆ ಹೊರಡುವ ಮುನ್ನ 30 ಮಂದಿಯನ್ನು ಅದರ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಿಸಿ ಪರೀಕ್ಷಿಸಲಾಯಿತು. ಹಡಗು ಅಪಾಯಕಾರಿಯಾಗಿ ವಾಲಿದ್ದರಿಂದ ಪರೀಕ್ಷೆಯನ್ನೇ ನಿಲ್ಲಿಸಿದರು; ಹಡಗನ್ನು ನಿಲ್ಲಿಸಲಿಲ್ಲ. 1628ರ ಆಗಸ್ಟ್ 10ರಂದು ಮೊದಲ ಯಾನದಲ್ಲೇ, ಒಂದೂವರೆ ಕಿಲೋಮೀಟರ್ ಕೂಡ ಸಾಗದೆ, ಗಾಳಿಗೆ ವಾಲಿ ಅದು ಮುಳುಗಿತು. ನಮ್ಮ ರಾಜ್ಯದಲ್ಲೇ 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಎರಡು ಅಂತಸ್ತಿನ ಪ್ರವಾಸಿ ದೋಣಿ ಮಗುಚಿ 22 ಮಂದಿ ಪ್ರಾಣ ಕಳೆದುಕೊಂಡರು. ಎರಡರಲ್ಲೂ ಮಿತಿಮೀರಿ ಜನರಿದ್ದರು. ಮೇಲಂತಸ್ತಿನಲ್ಲಿ ಜನ ತುಂಬಿದರೆ G ಎಲ್ಲಿಗೆ ಏರುತ್ತದೆಂದು ಓದುಗರೇ ಊಹಿಸಬಹುದು.

ಅಳಿವೆಯ ಬಳಿ ಎಚ್ಚರ

ಕೋಡಿಬೆಂಗ್ರೆಯ ತುದಿಯಲ್ಲಿ ನಿಂತರೆ ಒಂದು ಕಡೆ ಶಾಂತ ನದಿ, ಇನ್ನೊಂದು ಕಡೆ ಕಡಲು. ಇವೆರಡೂ ಸೇರುವ ಅಳಿವೆಯಲ್ಲಿ ಲೆಕ್ಕ ಬದಲಾಗುತ್ತದೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ಮರಳದಿಬ್ಬದ ಮೇಲೆ 1.3 ಮೀಟರ್ ಆಳವಿದ್ದರೆ 1 ಮೀಟರ್ ಅಲೆ ಅಲ್ಲಿ ಒಡೆಯುತ್ತದೆ. ಇಳಿತದ ಹೊತ್ತಿನಲ್ಲಿ ಎರಡು ತೊಂದರೆಗಳು ಒಟ್ಟಿಗೆ ಬರುತ್ತವೆ. ಆಳ ಕಡಿಮೆಯಾಗುತ್ತದೆ, ಜೊತೆಗೆ ಹೊರಕ್ಕೆ ಹರಿಯುವ ನದಿ ಒಳಬರುವ ಅಲೆಗೆ ಎದುರಾಗಿ, ಅಲೆ ಗಿಡ್ಡವಾಗಿ ಕಡಿದಾಗಿ ಏಳುತ್ತದೆ. ಉಬ್ಬರದ ಹೊತ್ತಿನಲ್ಲಿ ಸುಲಭವಾಗಿದ್ದ ದಾರಿ ಕೆಲವೇ ಗಂಟೆಗಳ ಬಳಿಕ ಅಪಾಯಕರವಾಗುವುದು ಹೀಗೆ.

ಮಾಡಿ ನೋಡಿ

ಐಸ್‌ಕ್ರೀಮಿನ ಖಾಲಿ ಪ್ಲಾಸ್ಟಿಕ್ ಡಬ್ಬವನ್ನು ಬಕೆಟ್ ನೀರಿನಲ್ಲಿ ತೇಲಿಬಿಡಿ. ಅದರ ತಳದಲ್ಲಿ ಹತ್ತು ನಾಣ್ಯಗಳನ್ನು ಹರಡಿ, ಅಂಚನ್ನು ಮೆಲ್ಲನೆ ಒತ್ತಿ ಬಿಡಿ. ಡಬ್ಬ ಬೇಗನೆ ನೆಟ್ಟಗಾಗುತ್ತದೆ. ಈಗ ಅದೇ ನಾಣ್ಯಗಳನ್ನು ಒಂದು ಎತ್ತರದ ಹಗುರ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ಡಬ್ಬದ ನಡುವೆ ನಿಲ್ಲಿಸಿ ಒತ್ತಿ. ಬಳಿಕ ಪೆಟ್ಟಿಗೆ ತೆಗೆದು, ಡಬ್ಬದೊಳಗೆ ಎರಡು ಚಮಚ ನೀರು ಹಾಕಿ ಇನ್ನೊಮ್ಮೆ ಒತ್ತಿ. ಮೂರು ಬಾರಿಯೂ ಡಬ್ಬ ಎಷ್ಟು ಬೇಗ ನೆಟ್ಟಗಾಯಿತೆಂದು ಬರೆದಿಡಿ.

ದೋಣಿ ಹತ್ತುವಾಗ ನೆನಪಿಡಬೇಕಾದುದು ಇಷ್ಟೇ. ಒಬ್ಬೊಬ್ಬರಾಗಿ, ಬಗ್ಗಿ, ದೋಣಿಯ ನಡುವೆ ಕಾಲಿಡಿ. ಕುಳಿತ ಮೇಲೆ ಏಳಬೇಡಿ, ಎಲ್ಲರೂ ಒಂದೇ ಬದಿಗೆ ಸರಿಯಬೇಡಿ. ಜೀವರಕ್ಷಕ ಜಾಕೆಟ್ ಇಲ್ಲದ ದೋಣಿಯನ್ನು ಹತ್ತಬೇಡಿ. ವಯಸ್ಕರ ತಲೆಯನ್ನು ನೀರಿನ ಮೇಲಿಡಲು ಸುಮಾರು 7 ಕಿಲೋಗ್ರಾಮ್ ತೂಕಕ್ಕೆ ಸಮನಾದ ಹೆಚ್ಚುವರಿ ಪ್ಲವನ ಬಲ ಸಾಕು, ಅದನ್ನು ಆ ಜಾಕೆಟ್ ಕೊಡುತ್ತದೆ. ಜಾಗವಿದ್ದರೂ ದೋಣಿಯವರು "ಸಾಕು, ಇನ್ನು ಬೇಡ" ಎಂದರೆ ವಾದಿಸದೆ ಮುಂದಿನ ದೋಣಿಗೆ ಕಾಯಿರಿ. ಮೆಟಾಸೆಂಟರ್ ಎಂಬ ಹೆಸರು ಅವರಿಗೆ ಗೊತ್ತಿಲ್ಲದಿರಬಹುದು; ಅದು ಎಲ್ಲಿದೆ ಎಂಬುದು ಗೊತ್ತಿರುತ್ತದೆ.