ಬೆಂಗಳೂರು–ಮಂಗಳೂರು: ಹಾರಾಟ ಒಂದು ಗಂಟೆ, ಪ್ರಯಾಣ ಎಷ್ಟು?

ಮಳೆಗಾಲದ ಒಂದು ಮಧ್ಯಾಹ್ನ ಮಂಗಳೂರಿನಿಂದ ಅಣ್ಣನ ಫೋನ್. "ಅಮ್ಮನನ್ನು ಎಡ್ಮಿಟ್ ಮಾಡಿದ್ದೇವೆ. ಇವತ್ತೇ ಬಂದ್ರೆ ಒಳ್ಳೇದು." ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಬಸ್ಸು ನಂಬೋ ಹಾಗಿರಲಿಲ್ಲ. ಸಂಜೆಯ ವಿಮಾನಕ್ಕೆ ಟಿಕೆಟ್ ಮಾಡಿದೆ. ಒಂದೇ ಗಂಟೆ ತಾನೇ!

ಈಗ ಲೆಕ್ಕ ನೋಡಿ. ರಸ್ತೆಯಲ್ಲಿ ಸುಮಾರು 350 ಕಿ.ಮೀ., ಆಕಾಶದಲ್ಲಿ ನೇರವಾಗಿ 300ರ ಆಸುಪಾಸು. ಟಿಕೆಟ್‌ನಲ್ಲಿರೋ ಒಂದು ಗಂಟೆ ಚಿಲ್ಲರೆಯಲ್ಲಿ ವಿಮಾನ ನೆಲದ ಮೇಲೆ ಉರುಳೋ ಹೊತ್ತೂ ಸೇರಿದೆ. ಆದರೆ ಜಯನಗರದ ನನ್ನ ರೂಮಿನಿಂದ ದೇವನಹಳ್ಳಿಗೆ ಅವತ್ತು ಎರಡು ಗಂಟೆ ಹಿಡಿಯಿತು. ಚೆಕ್-ಇನ್ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತೆ, ಹಾಗಾಗಿ ಎರಡು ಗಂಟೆ ಮುಂಚೆ ಅಲ್ಲಿರಬೇಕು. ಬಜ್ಪೆಯಲ್ಲಿ ಇಳಿದ ಮೇಲೆ ಊರೊಳಗೆ ಹೋಗೋಕೆ ಮುಕ್ಕಾಲು ಗಂಟೆ. ಒಟ್ಟು ಆರು ಗಂಟೆ! ರಾತ್ರಿ ಬಸ್ಸಿಗೆ ಏಳೆಂಟು ಗಂಟೆ, ಅದರಲ್ಲಿ ನಿದ್ದೆಯಾದರೂ ಆಗುತ್ತೆ.

ಮಂಗಳೂರಿನ ರನ್‌ವೇ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ್ದು. ಜೋರು ಮಳೆಗೆ ಏನೂ ಕಾಣದಿದ್ದರೆ ಪೈಲಟ್ ಮೇಲೇ ಕಾಯಬೇಕು. ನಾವೂ ಮೋಡದಲ್ಲಿ ಸುತ್ತು ಹೊಡೆದೆವು. ಪಕ್ಕದ ಸೀಟಿನ ಹಿರಿಯರು ಮಾತ್ರ ಹಾಯಾಗಿ ಗೊರಕೆ ಹೊಡೀತಿದ್ರು.

ವಾರಾಂತ್ಯಕ್ಕೆ ಊರಿಗೆ ಹೋಗೋರಿಗೆ ನನ್ನ ಓಟು ಈಗಲೂ ರಾತ್ರಿ ಬಸ್ಸಿಗೇ. ಆದರೆ ಇಂಥ ಫೋನ್ ಹಗಲು ಹೊತ್ತಲ್ಲಿ ಬಂದರೆ ವಿಮಾನವೇ ಸರಿ. ರಾತ್ರಿ ಬಸ್ಸಾಗಿದ್ದರೆ ಬೆಳಗ್ಗೆ ಮುಟ್ಟುತ್ತಿದ್ದೆ. ಅವತ್ತು ಒಂಬತ್ತೂವರೆಗೇ ವಾರ್ಡಿನಲ್ಲಿದ್ದೆ. ಡ್ರಿಪ್ ಹಾಕಿಸಿಕೊಂಡು ಮಲಗಿದ್ದ ಅಮ್ಮ ಕಣ್ಣು ಬಿಟ್ಟು ಕೇಳಿದ್ದು, "ಊಟ ಆಯ್ತಾ?"