ಮನೆಯಂಗಳದಲ್ಲಿ ಶೋಭೆಯ ನೀಲಗಿರಿ: ಹಚ್ಚುವ ಮೊದಲು ಅರಿಯತಕ್ಕ ಸಂಗತಿಗಳು

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲೂಕುಗಳ ಗ್ರಾಮಪ್ರಮುಖರೂ ಜಮೀನುದಾರರೂ ಮನೆಯ ಮುಂದೆ ಶೋಭೆಗಾಗಿ ನೀಲಗಿರಿಯನ್ನು ಹಚ್ಚಬಹುದೇ ಎಂದು ಆಗಾಗ್ಗೆ ವಿಚಾರಿಸುತ್ತಿರುವರು. ನುಣುಪಾದ ಬಿಳಿಯ ಕಾಂಡ, ಜೋಲುವ ಎಲೆ, ಮಳೆಯಾದಾಗಿನ ಪರಿಮಳ ಇವುಗಳಿಗೆ ಮನಸೋಲುವುದು ಸಹಜವು. ಆದರೆ ಹಿರಿಯರು ಹಚ್ಚಿದ ಗಿಡವನ್ನೇ ಊರವರೂ ಹಚ್ಚುವರಾದ್ದರಿಂದ ಇದರ ಗುಣದೋಷಗಳೆರಡನ್ನೂ ತೂಗಿ ನೋಡುವುದು ಅವಶ್ಯವು.

ಈ ಮರದ ತವರು ಆಸ್ಟ್ರೇಲಿಯಾ. 1790ರ ಸುಮಾರಿಗೆ ಟೀಪು ಸುಲ್ತಾನನ ಕಾಲದಲ್ಲಿ ಇದು ನಂದಿಬೆಟ್ಟದ ತೋಟಕ್ಕೆ ಬಂದಿತು. 1843ರಿಂದ ನೀಲಗಿರಿ ಬೆಟ್ಟಗಳಲ್ಲಿ ಉರವಲಿಗಾಗಿ ಬೆಳೆಸಲ್ಪಟ್ಟು ಆ ಹೆಸರನ್ನೇ ಪಡೆಯಿತು. ನಮ್ಮ ಭಾಗಕ್ಕೂ ಇದು ಹೊಸದಲ್ಲ. 1974ರಲ್ಲಿ ಕೃಷ್ಣಮೃಗಗಳಿಗಾಗಿ ಕಾಯ್ದಿಟ್ಟ ರಾಣೇಬೆನ್ನೂರಿನ 119 ಚದರ ಕಿಲೋಮೀಟರು ಅಭಯಾರಣ್ಯದಲ್ಲಿಯೂ ನೀಲಗಿರಿಯ ನೆಡುತೋಪುಗಳಿವೆ. ಊರ ಸಾರ್ವಜನಿಕ ಭೂಮಿಯಲ್ಲಿ ಕಾರಖಾನೆಗಾಗಿ ನೀಲಗಿರಿಯನ್ನು ಹಚ್ಚಿದಾಗ, 1987ರ ನವೆಂಬರದಲ್ಲಿ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಜನರು ಆ ಸಸಿಗಳನ್ನು ಕಿತ್ತು ತಮಗೆ ಉಪಯುಕ್ತವಾದವುಗಳನ್ನು ಹಚ್ಚಿದರು. ಈ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವನ್ನು ಹಿರಿಯರು ಮರೆತಿರಲಾರರು. ದನಕರುಗಳು ನೀಲಗಿರಿಯ ಎಲೆಯನ್ನು ಮೇಯುವುದಿಲ್ಲ. ಗೋಮಾಳವು ನೀಲಗಿರಿ ತೋಪಾದರೆ ಬಡವನ ಆಕಳಿಗೆ ಮೇವೆಲ್ಲಿ ಎಂಬುದೇ ಅಂದಿನ ಪ್ರಶ್ನೆಯಾಗಿತ್ತು.

ಈ ಲೇಖಕನೂ ತಪ್ಪಿನಿಂದಲೇ ಕಲಿತವನು. 2012ರಲ್ಲಿ ರಾಣೇಬೆನ್ನೂರಿನ ನಮ್ಮ ಬಿಡಾರದ ಹಿತ್ತಿಲಲ್ಲಿ, ಬೇಲಿಗೆ ಒತ್ತಿ, ಎರಡು ಸಸಿಗಳನ್ನು ಹಚ್ಚಿದೆನು. ನಾಲ್ಕೇ ವರ್ಷಗಳಲ್ಲಿ ಅವು ಮಾಳಿಗೆಯನ್ನು ಮೀರಿದವು. ಬೇಲಿಯಾಚೆ ವೃದ್ಧೆಯೊಬ್ಬಳ ಮೆಣಸಿನ ಗಿಡದ ಮಡಿಗಳಿದ್ದವು. ನಮ್ಮ ಕಡೆಯ ಎರಡು ಸಾಲುಗಳು ವರ್ಷವರ್ಷಕ್ಕೆ ಸೊರಗತೊಡಗಿದವು. “ಸಾಹೇಬ್ರ, ನಿಮ್ಮ ಗಿಡ ನಮ್ಮ ನೀರು ಕುಡಿಯಾಕ ಹತ್ತೈತ್ರಿ” ಎಂದು ಆಕೆ ಅಂದಳು. ಒಕ್ಕಲುತನದ ಪದವಿ ಪಡೆದವನಿಗೆ ಅದಕ್ಕಿಂತ ದೊಡ್ಡ ಪಾಠ ಬೇಕಿರಲಿಲ್ಲ. ಮರಗಳನ್ನು ಕಡಿಸಿದೆನು. ಆದರೂ ಬೊಡ್ಡೆಗಳು ಮತ್ತೆ ಮತ್ತೆ ಚಿಗುರಿ, ಎರಡು ವರ್ಷ ಸವರಿದ ಮೇಲೆಯೇ ಸತ್ತವು.

ಶೋಭೆಗೆ ಬೇಕೇಬೇಕೆಂಬವರು ಕುಂಡದಲ್ಲಿ ಒಂದನ್ನು ಸಾಕಬಹುದು. ನಿಂಬೆಯ ಪರಿಮಳದ ‘ಸಿಟ್ರಿಯೊಡೋರಾ’ ಜಾತಿಯು ನಮ್ಮ ಹವೆಗೆ ಒಗ್ಗುವುದು. ದುಂಡು ಬೆಳ್ಳಿಯೆಲೆಯ ಜಾತಿಗಳು ತಂಪು ಸೀಮೆಯವು. ಒಂದೂವರೆ ಫೂಟು ಅಗಲದ ಕುಂಡದ ತಳದಲ್ಲಿ ತೂತಿರಬೇಕು. ಅದರ ಮೇಲೆ ಹಂಚಿನ ಚೂರುಗಳನ್ನಿಟ್ಟು, ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರವನ್ನು ಬೆರೆಸಿ ತುಂಬತಕ್ಕದ್ದು. ಇದರ ಬೇರು ಕದಲಿಕೆಯನ್ನು ಸಹಿಸದು. ಆದಕಾರಣ ಎಳೆಯ ಸಸಿಯನ್ನೇ ಹೆಂಟೆ ಒಡೆಯದಂತೆ ಹಚ್ಚಬೇಕು. ದಿನವಿಡೀ ಬಿಸಿಲು ಬೀಳುವ ಸ್ಥಳ ಉತ್ತಮವು. ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಹಾಕಿರಿ. ನೀರು ನಿಂತರೆ ಬೇರು ಕೊಳೆಯುವುದು. ಗೆದ್ದಲು ಹತ್ತದಂತೆ ಕುಂಡವನ್ನು ಕಲ್ಲಿನ ಮೇಲಿಡಿರಿ. ತಿಂಗಳಿಗೊಮ್ಮೆ ಎತ್ತಿ ನೋಡದಿದ್ದರೆ ಬೇರು ತೂತಿನಿಂದ ನೆಲಕ್ಕಿಳಿದೀತು. ಚಳಿಗಾಲ ಕಳೆದ ಮೇಲೆ ಮೂರರಲ್ಲೊಂದು ಭಾಗ ಸವರಿದರೆ ಗಿಡ ಗಿಡ್ಡವಾಗಿ ಉಳಿದು ಹೊಸ ಎಲೆ ಬಿಡುವುದು. ಎಲೆಯ ನರ, ತೊಟ್ಟುಗಳಲ್ಲಿ ಗಂಟು ಕಂಡರೆ ಅದು ಗಂಟುಕಣಜದ ಹಾವಳಿ. ಅಂಥ ಟೊಂಗೆಗಳನ್ನು ಕತ್ತರಿಸಿ ಸುಡತಕ್ಕದ್ದು. ಒಣಗಿದ ಎಲೆಗಳಲ್ಲಿ ಎಣ್ಣೆಯಿರುವುದರಿಂದ ಅವನ್ನು ಬಣವೆಯ ಹತ್ತಿರ ಕೂಡಿಹಾಕಬಾರದು. ಎಣ್ಣೆಯನ್ನು ಮಕ್ಕಳು ಕುಡಿದರೆ ಅಪಾಯವಾಗುವುದು.

ನೆಲದಲ್ಲಿ ಹಚ್ಚುವ ವಿಚಾರವಿದ್ದವರು, 2017ರಲ್ಲಿ ರಾಜ್ಯ ಸರಕಾರವು ಹೊಸ ನೀಲಗಿರಿ ತೋಪುಗಳನ್ನು ನಿಷೇಧಿಸಿದುದನ್ನು ನೆನೆದು, ಒಂದೇ ಗಿಡಕ್ಕಾದರೂ ಮೊದಲು ಅರಣ್ಯ ಖಾತೆಯನ್ನು ಕೇಳತಕ್ಕದ್ದು. ಬಾವಿ, ಗೋಡೆ, ಮೆಣಸಿನಕಾಯಿ ಹೊಲ ಇವುಗಳ ಬದಿಗಂತೂ ಇದು ಎಂದಿಗೂ ಸಲ್ಲದು. ಅಂಗಳದ ನೆರಳಿಗೆ ಬೇವು, ಹೊಂಗೆ, ಪರಿಮಳಕ್ಕೆ ಸಂಪಿಗೆ, ಪಾರಿಜಾತಗಳಿವೆ. ನಮ್ಮ ಮನೆಯ ಶೋಭೆಗಾಗಿ ನೆರೆಯವನ ಬಾವಿ ಬತ್ತಬಾರದೆಂಬುದನ್ನು ಊರ ಹಿರಿಯರು ತಾವು ಪಾಲಿಸಿ ಇತರರಿಗೂ ತಿಳಿಯಹೇಳುವರೆಂದು ನಂಬಿರುತ್ತೇವೆ.