ನಾರುಹುಣ್ಣಿನ ಬಾವಿಯೂ ದಾದಿಯ ಚೀಲವೂ

ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಮಗಳನ್ನು ದಾದಿಯರ ತರಬೇತಿಗೆ ಕಳುಹಿಸುವುದು ಹೊಸತೇನಲ್ಲ. ಆಕೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿಯೋ ಕೊಲ್ಲಿ ರಾಷ್ಟ್ರದಲ್ಲಿಯೋ ಕೆಲಸಕ್ಕೆ ಸೇರಿದಳೆಂದರೆ ಮನೆಯವರು ಹೆಮ್ಮೆಯಿಂದ ನಾಲ್ಕು ಜನರಿಗೆ ಹೇಳಿಕೊಳ್ಳುತ್ತಾರೆ. ಅದೇ ಮಗಳಿಗೆ ಚಿತ್ತಾಪುರ ತಾಲ್ಲೂಕಿನ ಯಾವುದೋ ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ನೇಮಕವಾದರೆ, "ಅಲ್ಲೇನಿದೆ, ಸೂಜಿ ಚುಚ್ಚುವ ಕೆಲಸ" ಎಂಬ ಮಾತು ಬರುತ್ತದೆ. ಈ ತಾತ್ಸಾರವನ್ನು ನಾವು ಒಪ್ಪಲಾರೆವು. ಏಕೆಂಬುದನ್ನು ನಮ್ಮ ಜಿಲ್ಲೆಯದೇ ಒಂದು ಉದಾಹರಣೆಯಿಂದ ವಿವರಿಸುವೆವು.

ಐವತ್ತು ದಾಟಿದವರಿಗೆ ನಾರುಹುಣ್ಣಿನ ನೆನಪು ಇದ್ದೀತು. ಕಾಲಿನಲ್ಲಿ ಬೊಬ್ಬೆಯೆದ್ದು, ಅದು ಒಡೆದು, ದಾರದಂತಹ ಬಿಳಿ ಹುಳು ಹೊರಗೆ ತಲೆ ಹಾಕುತ್ತಿತ್ತು. ಅದನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು. ಅವಸರಪಟ್ಟರೆ ತುಂಡಾಗಿ ಕೀವು ಕಟ್ಟುತ್ತದೆ. ಹುಳುವಿನ ಉದ್ದ ಒಂದು ಮೀಟರಿನವರೆಗೂ ಇರುವುದುಂಟು. ಹೊಲದ ಕೆಲಸದ ದಿನಗಳಲ್ಲೇ ಮನೆಯ ಯಜಮಾನ ವಾರಗಟ್ಟಲೆ ಹಾಸಿಗೆ ಹಿಡಿದರೆ ಆ ವರ್ಷದ ಜೋಳದ ಗತಿಯೇನು? ಆ ರೋಗಕ್ಕೆ ಔಷಧಿಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ, ಇಂದಿಗೂ ಇಲ್ಲ. 1980ರ ದಶಕದ ಆರಂಭದಲ್ಲಿ ಸರಕಾರ ಅದರ ನಿರ್ಮೂಲನ ಕಾರ್ಯಕ್ರಮವನ್ನು ಕೈಗೊಂಡಾಗ ಏಳು ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ಕರ್ನಾಟಕವೂ ಆ ಏಳರಲ್ಲಿ ಒಂದು. ನಮ್ಮ ಅಂದಿನ ಗುಲ್ಬರ್ಗಾ ಜಿಲ್ಲೆಯೂ ಪೀಡಿತ ಜಿಲ್ಲೆಗಳ ಪೈಕಿ ಇತ್ತು.

ಸೆಮಿನರಿಯಲ್ಲಿ ನಮಗೆ ಅರಿಸ್ಟಾಟಲನ ಕಾರಣವಿಚಾರವನ್ನು ಕಲಿಸಿದ್ದರು: ಒಂದು ಘಟನೆಗೆ ಒಂದೇ ಕಾರಣವೆಂದು ತಿಳಿಯಬಾರದು. ನಾರುಹುಣ್ಣಿಗೆ ಕಾರಣ ಯಾವುದು? ಹುಳುವೆಂದು ವೈದ್ಯಗ್ರಂಥ ಹೇಳೀತು. ಆದರೆ ಉರಿ ತಾಳಲಾರದೆ ರೋಗಿಯು ಮೆಟ್ಟಿಲುಬಾವಿಗಿಳಿದು ಕಾಲನ್ನು ನೀರಿಗೆ ಅದ್ದುತ್ತಾನೆ. ಹುಳು ತನ್ನ ಮರಿಗಳನ್ನು ನೀರಿನಲ್ಲಿ ಬಿಡುತ್ತದೆ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದಾದ ಒಂದು ನೀರ್ಜೀವಿ ಆ ಮರಿಗಳನ್ನು ನುಂಗುತ್ತದೆ. ಆ ನೀರನ್ನು ಕುಡಿದವನ ಕಾಲಿನಲ್ಲಿ ಸುಮಾರು ಒಂದು ವರ್ಷದ ನಂತರ ಹುಳು ಹೊರಬರುತ್ತದೆ. ಹಾಗಾದರೆ ಕಾರಣ ಹುಳುವೇ, ಬಾವಿಯ ಮೆಟ್ಟಿಲೇ, ಊರಿಗೆ ಬೋರ್‌ವೆಲ್ ಇಲ್ಲದಿರುವುದೇ, ನೀರು ಸೋಸದ ರೂಢಿಯೇ? ರೋಗಾಣು, ಮನುಷ್ಯ, ಪರಿಸರ ಇವು ಮೂರನ್ನೂ ಒಟ್ಟಿಗೆ ನೋಡು ಎಂಬುದು ಸಮುದಾಯ ಆರೋಗ್ಯ ಶುಶ್ರೂಷೆಯ ಮೊದಲ ಪಾಠ. ಆಸ್ಪತ್ರೆಯ ದಾದಿಗೆ ರೋಗಿ ಮಂಚದ ಮೇಲಿರುತ್ತಾನೆ. ಸಮುದಾಯದ ದಾದಿಗೆ ಊರೇ ರೋಗಿ.

ಈ ರೋಗ ಸೋತದ್ದು ಬಟ್ಟೆಗೆ. ಕೊಡದ ಬಾಯಿಗೆ ಒತ್ತಾದ ಬಟ್ಟೆ ಕಟ್ಟಿ ನೀರು ಸೋಸಿರೆಂದು ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಹೇಳಿದರು. ಹುಣ್ಣಿದ್ದವರನ್ನು ಹುಡುಕಿ ಪಟ್ಟಿ ಕಟ್ಟಿ, ನೀರಿಗೆ ಇಳಿಯಬೇಡಿರೆಂದು ಬೇಡಿಕೊಂಡರು. ಬಾವಿಗೆ ಔಷಧಿ ಹಾಕಿದರು. ಮೆಟ್ಟಿಲುಬಾವಿಗಳು ಸೇದುವ ಬಾವಿಗಳಾದವು, ಕೈಪಂಪುಗಳು ಬಂದವು. ದೇಶದ ಕೊನೆಯ ರೋಗಿ ಕಂಡುಬಂದದ್ದು 1996ರ ಜುಲೈಯಲ್ಲಿ, ರಾಜಸ್ಥಾನದಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಈ ರೋಗದಿಂದ ಮುಕ್ತವೆಂದು ಘೋಷಿಸಿತು. ಯಾವ ಶಸ್ತ್ರಚಿಕಿತ್ಸಾ ಕೋಣೆಯೂ ಮಾಡಲಾಗದ ಕೆಲಸವಿದು.

ಬಡವರ ಮನೆಗೇ ಶುಶ್ರೂಷೆಯನ್ನು ಕೊಂಡೊಯ್ಯುವ ಈ ಪದ್ಧತಿ ನಮ್ಮ ಧರ್ಮಸಭೆಗೂ ಪರಕೀಯವಲ್ಲ. ಧರ್ಮಭಗಿನಿಯರೆಂದರೆ ಮಠದ ಗೋಡೆಯೊಳಗೇ ಇರತಕ್ಕವರೆಂಬ ಕಾಲದಲ್ಲಿ, 1633ರಲ್ಲಿ, ಸಂತ ವಿನ್ಸೆಂಟ್ ದೆ ಪೌಲರೂ ಸಂತ ಲೂಯಿಸ್ ದೆ ಮರಿಲಾಕರೂ ಪ್ಯಾರಿಸಿನ ಓಣಿಗಳಲ್ಲಿ ರೋಗಿಗಳ ಮನೆಗೆ ನಡೆದು ಹೋಗುವ ಭಗಿನಿಯರ ಸಂಘವನ್ನು ಕಟ್ಟಿದರು. ಲಿವರ್‌ಪೂಲಿನ ವರ್ತಕ ವಿಲಿಯಂ ರಾತ್‌ಬೋನ್ 1859ರಲ್ಲಿ ಪತ್ನಿಯನ್ನು ಕಳೆದುಕೊಂಡರು. ಆಕೆಯ ಕೊನೆಯ ದಿನಗಳಲ್ಲಿ ಆರೈಕೆ ಮಾಡಿದ್ದ ಮೇರಿ ರಾಬಿನ್‌ಸನ್ ಎಂಬ ದಾದಿಯನ್ನು ಅವರು ಮೂರು ತಿಂಗಳ ಮಟ್ಟಿಗೆ ನಗರದ ಬಡವರ ಮನೆಗಳಿಗೆ ಕಳುಹಿಸಿದರು. ಒಂದು ತಿಂಗಳಲ್ಲೇ ಆಕೆ ಅಳುತ್ತ ಬಂದು, ಆ ದಾರಿದ್ರ್ಯವನ್ನು ನೋಡಲಾರೆ, ಬಿಡುಗಡೆ ಮಾಡಿರೆಂದಳು. ಹೇಗೋ ಸಮಾಧಾನಪಡಿಸಿ ಆಕೆಯನ್ನು ಉಳಿಸಿಕೊಂಡರು. ಮೂರು ತಿಂಗಳು ಮುಗಿದಾಗ ಶ್ರೀಮಂತರ ಮನೆಯ ಕೆಲಸಕ್ಕೆ ಮರಳಲು ಆಕೆಗೇ ಮನಸ್ಸಿರಲಿಲ್ಲ.

ಇನ್ನು ನಮ್ಮ ವಾಡಿಗೆ ಬರೋಣ. ರೈಲ್ವೆ ಜಂಕ್ಷನ್, ಸಿಮೆಂಟ್ ಕಾರ್ಖಾನೆ, ಸುತ್ತಲೂ ಸುಣ್ಣಕಲ್ಲಿನ ಗಣಿಗಳು. ಆಚೆ ಶಹಾಬಾದದ ಪರಸಿ ಕಲ್ಲು. ಇಲ್ಲಿ ಕೆಮ್ಮಿದವನು "ಧೂಳಿನ ಕೆಮ್ಮು" ಎಂದು ಸುಮ್ಮನಾಗುವುದೇ ಹೆಚ್ಚು. ಧೂಳು ಶ್ವಾಸಕೋಶವನ್ನು ಕೆಡಿಸುವುದು ನಿಜ. ಕ್ಷಯವೂ ಅದೇ ಕೆಮ್ಮಿನ ವೇಷದಲ್ಲಿ ಬರುತ್ತದೆಂಬುದೂ ಅಷ್ಟೇ ನಿಜ. ಗಣಿಯಲ್ಲಿ ಧೂಳೇಳದಂತೆ ನೀರು ಹಾಯಿಸಿ ಕೊರೆಯುವುದು, ಮೂಗುಬಾಯಿಗೆ ಸರಿಯಾದ ರಕ್ಷಣೆ, ಕೂಸಿಗೆ ಲಸಿಕೆ: ಇವು ರೋಗ ಬಾರದಂತೆ ತಡೆಯುವ ಮೊದಲನೆಯ ಹಂತ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸುವುದು ಎರಡನೆಯದು. ರೋಗಿಯನ್ನು ಗುಣಪಡಿಸಿ ಮತ್ತೆ ಕೆಲಸಕ್ಕೂ ಮರ್ಯಾದೆಗೂ ಮರಳಿಸುವುದು ಮೂರನೆಯದು. ಇದನ್ನೇ ಜನ ಬೇಗ ಮರೆಯುತ್ತಾರೆ. ಕ್ಷಯವಾಗಿದ್ದ ಸೊಸೆಯ ತಟ್ಟೆ ಲೋಟಗಳನ್ನು, ಅವಳು ಗುಣವಾದ ಮೇಲೂ, ಬೇರೆಯೇ ಇಡುವ ಮನೆಗಳಿವೆ. ಆ ಅತ್ತೆಯೊಡನೆ ಕುಳಿತು ಮಾತಾಡುವುದೂ ಶುಶ್ರೂಷೆಯೇ.

ಬಯಲು ಸೀಮೆಯಲ್ಲಿ ಸುಮಾರು 5,000 ಜನಸಂಖ್ಯೆಗೆ ಒಂದು ಉಪಕೇಂದ್ರವೆಂಬುದು ಸರಕಾರದ ಲೆಕ್ಕ. ಬಾಣಂತಿಯ ಮನೆಗೆ ಬರುವ ದಾದಿಗೆ ಕಲಿಸಿರುವ ಶಿಸ್ತನ್ನು ಗಮನಿಸಿರಿ: ಚೀಲವನ್ನು ನೆಲಕ್ಕಿಡದೆ ಹಳೆಯ ಪತ್ರಿಕೆ ಹಾಸಿ ಅದರ ಮೇಲಿಡಬೇಕು, ಮೊದಲು ಸಾಬೂನನ್ನಷ್ಟೇ ತೆಗೆದು ಕೈ ತೊಳೆಯಬೇಕು, ಬಳಿಕ ಉಳಿದ ಸಾಮಾನು. ಮೈ ಮುಟ್ಟುವ ಮೊದಲು ಕೈ ತೊಳೆಯಬೇಕೆಂದು ಮನೆಯವರೂ ನೋಡಿಯೇ ಕಲಿಯುತ್ತಾರೆ. ಅವಳ ಕಣ್ಣು ನೀರಿನ ಕೊಡದ ಮುಚ್ಚಳವನ್ನೂ, ಒಲೆಯ ಹೊಗೆಯನ್ನೂ, ಗರ್ಭಿಣಿಯ ಕಣ್ಣಿನ ಬಿಳುಪನ್ನೂ ನೋಡುತ್ತದೆ. ಕಬ್ಬಿಣದ ಮಾತ್ರೆಗಳು ಮಾಡಿನ ಸಂದಿಯಲ್ಲಿ ಹಾಗೆಯೇ ಉಳಿದಿದ್ದರೆ ಬೈಯದೆ ಕಾರಣ ಕೇಳುವವಳು ನಿಜವಾದ ದಾದಿ. ಬೈಯುವವರೂ ಇದ್ದಾರೆ, ಅದನ್ನು ಮುಚ್ಚಿಡುವುದು ಬೇಡ.

ಸುಗ್ಗಿ ಮುಗಿದೊಡನೆ ನಮ್ಮ ಕಡೆಯ ಅನೇಕರು ಪುಣೆ, ಮುಂಬಯಿ, ಹೈದರಾಬಾದುಗಳಿಗೆ ದುಡಿಯಲು ಹೋಗುತ್ತಾರೆ. ಕ್ಷಯದ ಮಾತ್ರೆಗಳನ್ನು ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ನುಂಗಬೇಕು. ಎರಡು ತಿಂಗಳಿಗೇ ಕೆಮ್ಮು ನಿಂತಿತೆಂದು ಬಿಟ್ಟವರಲ್ಲಿ ರೋಗ ಔಷಧಿಗೆ ಬಗ್ಗದಂತಾಗುತ್ತದೆ. ಅಂಥವರು ಮನೆಯಲ್ಲಿದ್ದರೆ, ರೈಲು ಹತ್ತುವ ಮೊದಲು ಉಪಕೇಂದ್ರದ ದಾದಿಗೋ ಆಶಾ ಕಾರ್ಯಕರ್ತೆಗೋ ಹೋಗುವ ಊರಿನ ಹೆಸರನ್ನು ತಿಳಿಸಿರಿ. ಅಲ್ಲಿಯ ಸರಕಾರಿ ಕೇಂದ್ರಕ್ಕೆ ಚಿಕಿತ್ಸೆಯನ್ನು ವರ್ಗಾಯಿಸುವ ವ್ಯವಸ್ಥೆಯಿದೆ; ಅದಕ್ಕೆ ಹಣ ಕೊಡಬೇಕಾಗಿಲ್ಲ.